ಹೆಸರು ಹಾಕದ ಪೇಂಟರ್ ಕಾಕಾ

ಕಾಕಾ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ನಾಲ್ಕು ದಿನ ತಡವಾಗಿ. ಮೂಡಲಗಿಯಲ್ಲಿ ನಾನು ಹಿಂದೆ ಪಾಠ ಮಾಡುತ್ತಿದ್ದ ಕಾಲೇಜಿನ ಜವಾನ ಫೋನ್ ಮಾಡಿದ್ದ. ‘ಸರ್ರ, ನಿಮ್ಮ ಪೇಂಟರ್ ಕಾಕಾ ಹ್ವಾದ್ರರಿ. ಸೋಮವಾರನ ಮಣ್ಣಾತು. ನಿಮಗ ಗೊತ್ತಾಗೇತಿ ಅನ್ಕೊಂಡಿದ್ನಿ’ ಎಂದ. ನಾನು ಅಯ್ಯೋ ಎಂದೆ, ಏನಾಗಿತ್ತು ಎಂದು ಕೇಳಿದೆ, ಕೇಳಬೇಕಾದ ಎಲ್ಲವನ್ನೂ ಕೇಳಿದೆ. ಆದರೆ ಫೋನ್ ಇಟ್ಟಾಗ ದುಃಖಕ್ಕಿಂತ ಮೊದಲು ಒಂದು ಸಮಾಧಾನ ಬಂದು ಕೂತಿತು. ಮಣ್ಣಿಗೆ ಹೋಗುವುದು ತಪ್ಪಿತು, ಆ ಮುಖ ನೋಡುವುದು ತಪ್ಪಿತು ಎಂಬ ಸಮಾಧಾನ. ಇಂಥ ಸಮಾಧಾನ ಪಡುವ ಮನುಷ್ಯ ನಾನೆಂದು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭ.

ಅವರ ಹೆಸರನ್ನು ಬರೆಯುವುದಿಲ್ಲ. ಊರಿಗೆಲ್ಲ ಅವರು ಪೇಂಟರ್ ಕಾಕಾ. ಮೂಡಲಗಿ ಬಸ್ ನಿಲ್ದಾಣದ ಎದುರು, ಪಂಕ್ಚರ್ ಅಂಗಡಿಗೂ ಚಹಾದಂಗಡಿಗೂ ನಡುವೆ ಅವರದೊಂದು ತಗಡಿನ ಶೆಡ್ಡು. ಸಣಕಲು ದೇಹ, ಕತ್ತರಿಸಿದ ಬಿಳಿ ಗಡ್ಡ, ಮೊಣಕೈವರೆಗೆ ಮಡಚಿದ ಬಿಳಿ ಅಂಗಿ. ದಿನವಿಡೀ ಬಣ್ಣದಲ್ಲಿ ಕೈಯಾಡಿಸುವ ಮನುಷ್ಯನ ಅಂಗಿಯ ಮೇಲೆ ಒಂದು ಹನಿ ಬಣ್ಣ ಇರುತ್ತಿರಲಿಲ್ಲ. ಇದು ಹೇಗೆ ಎಂದು ಒಮ್ಮೆ ಕೇಳಿದ್ದಕ್ಕೆ, ‘ಬಣ್ಣ ಬೋರ್ಡಿಗೆ ಹಚ್ಚೂದ್ರಿ ಸರ್ರ, ನಮಗ್ಯಾಕ?’ ಎಂದಿದ್ದರು. ಉಗುರಿನ ಅಂಚಿನಲ್ಲಿ ಮಾತ್ರ ಕೆಂಪು ಉಳಿದಿರುತ್ತಿತ್ತು. ಬ್ರಷ್ಷುಗಳನ್ನು ಅದ್ದಿಡುತ್ತಿದ್ದ ಚಿಮಣಿ ಎಣ್ಣೆಯ ವಾಸನೆ ಅವರು ಬರುವ ಮೊದಲೇ ಬರುತ್ತಿತ್ತು.

ನಾನು ಗೋಕಾಕದವನು. ಮೂಡಲಗಿಯ ಕಾಲೇಜಿನಲ್ಲಿ ಗಣಿತದ ಅತಿಥಿ ಉಪನ್ಯಾಸಕ. ಹನ್ನೊಂದು ವರ್ಷ ಅತಿಥಿಯಾಗಿಯೇ ಇದ್ದೆ. ಅಷ್ಟು ದಿನ ಯಾವ ಮನೆಯವರೂ ಅತಿಥಿಯನ್ನು ಇಟ್ಟುಕೊಳ್ಳುವುದಿಲ್ಲ. ಪ್ರತಿ ಜೂನ್‌ನಲ್ಲಿ ಅದೇ ಕೆಲಸಕ್ಕೆ ಹೊಸದಾಗಿ ಅರ್ಜಿ ಹಾಕಬೇಕು. ಸಂಜೆ ಪಾಠ ಮುಗಿಸಿ ಗೋಕಾಕದ ಬಸ್ಸಿಗೆ ಕಾಯುವಾಗ ಕಾಕಾನ ಶೆಡ್ಡಿನ ಮುಂದಿನ ಕಟ್ಟಿಗೆಯ ಬೆಂಚೇ ನನ್ನ ಜಾಗ. ಮೊದಲು ಬಸ್ಸಿಗಾಗಿ ಕೂರುತ್ತಿದ್ದೆ. ಆಮೇಲೆ ಬಸ್ಸು ಬಂದರೂ ಮುಂದಿನ ಬಸ್ಸಿಗೆ ಹೋದರಾಯಿತೆಂದು ಕೂರತೊಡಗಿದೆ.

ಅವರು ಕೆಲಸ ಮಾಡುವ ರೀತಿ ಯಾರಿಗೂ ಸಿಟ್ಟು ತರಿಸುವಂಥದ್ದು. ಬೋರ್ಡು ಬರೆಯಲು ಒಪ್ಪಿಕೊಂಡರೆ ಮೊದಲ ದಿನ ಬ್ರಷ್ಷನ್ನೇ ಒಯ್ಯುತ್ತಿರಲಿಲ್ಲ. ಅಂಗಡಿಯ ಎದುರಿನ ಚಹಾದಂಗಡಿಯಲ್ಲಿ ಅರ್ಧ ದಿನ ಸುಮ್ಮನೆ ಕೂರುತ್ತಿದ್ದರು. ಗಿರಾಕಿಗಳು ಯಾವ ದಿಕ್ಕಿನಿಂದ ಬರುತ್ತಾರೆ, ನಡೆದು ಬರುವವರೆಷ್ಟು, ಬಸ್ಸಿನ ಕಿಟಕಿಯಿಂದ ನೋಡುವವರೆಷ್ಟು, ಮಧ್ಯಾಹ್ನದ ಬಿಸಿಲು ಬೋರ್ಡಿನ ಯಾವ ಬಾಜೂ ಬೀಳುತ್ತದೆ, ಎಲ್ಲ ನೋಡಿಕೊಳ್ಳುತ್ತಿದ್ದರು. ಗೋಕಾಕದ ಒಬ್ಬ ಔಷಧಿ ಅಂಗಡಿಯವರಿಗೆ ತಾಳ್ಮೆ ತಪ್ಪಿ, ‘ಚಾ ಕುಡ್ಯಾಕ ಬಂದಿಯೋ, ಬೋರ್ಡ್ ಬರ್ಯಾಕ ಬಂದಿಯೋ?’ ಎಂದು ಬೈದರಂತೆ. ಕಾಕಾ, ‘ನಿಮ್ಮ ಅಂಗಡಿಗಿ ಬರೂ ಮಂದಿಗಿ ಜ್ವರ ಇರತೈತ್ರಿ. ಅವರು ಕತ್ತ ಎತ್ತಿ ನೋಡಂಗಿಲ್ಲ. ಬೋರ್ಡ್ ಎರಡ ಫೂಟ್ ಕೆಳಗ ಕಟ್ಟರಿ’ ಎಂದರು. ಕೆಳಗೇ ಕಟ್ಟಿದರು. ಕಾಲೇಜು ಬಿಟ್ಟ ಮೇಲೆ ನಾನು ಹಿಡಿದ ಡಿಸೈನಿನ ಕಸುಬಿನಲ್ಲಿ ಇದಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ, ಇದನ್ನು ಹೇಳಿಕೊಡುವ ಕೋರ್ಸುಗಳೂ ಇವೆ. ಒಂದು ಕೋರ್ಸನ್ನು ನಾನೂ ಮುಗಿಸಿದ್ದೇನೆ.

ಪ್ರತಿ ವರ್ಷ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡುವ ಮೊದಲು ಅವರ ಶೆಡ್ಡಿನ ಮುಂದೆ ಟ್ರ್ಯಾಕ್ಟರಿನ ಟ್ರೇಲರ್‌ಗಳು ಸಾಲುಗಟ್ಟುತ್ತಿದ್ದವು. ದೇವರ ಹೆಸರು, ಅಪ್ಪನ ಹೆಸರು, ಮಕ್ಕಳ ಹೆಸರು ಎಲ್ಲವೂ ಬೇಕು ರೈತರಿಗೆ. ತುಕ್ಕಾನಟ್ಟಿಯ ರೈತನೊಬ್ಬನಿಗೆ ನಾಲ್ಕು ಮಕ್ಕಳು. ಬಾಜೂ ಹಲಗೆಯಲ್ಲಿ ಮೂರೇ ಹೆಸರಿಗೆ ಜಾಗ. ಮಗಳ ಹೆಸರನ್ನು ಸಣ್ಣಗೆ ಬರೆದು ಮುಗಿಸೆಂದು ಅವನು. ಕಾಕಾ ಒಪ್ಪಲಿಲ್ಲ. ಹುಡುಗಿಯ ಹೆಸರನ್ನು ಹಿಂದಿನ ಹಲಗೆಯ ನಟ್ಟನಡುವೆ, ಒಂದೇ ಹೆಸರಾಗಿ, ಹಳದಿಯಲ್ಲಿ ಬರೆದರು. ರೈತ ಕೊಸರಾಡಿದ್ದಕ್ಕೆ, ‘ಹಿಂದ ಬರೂ ಗಾಡಿಯವರು ಕಾರ್ಖಾನಿ ಮುಟ್ಟೂತನಕ ನಿಮ್ಮ ಮಗಳ ಹೆಸರನ್ನ ಓದ್ಕೋತ ಬರ್ತಾರ, ಹೋಗ್ರಿ’ ಎಂದರು. ಆ ರೈತ ಹಿಂದೆ ಸರಿದು ನಿಂತು ನೋಡಿದ, ನಕ್ಕ, ಮರುವರ್ಷ ತಮ್ಮನ ಟ್ರೇಲರನ್ನೂ ಅಲ್ಲಿಗೇ ತಂದ.

ಬೇರೆ ಪೇಂಟರುಗಳು ಬೋರ್ಡಿನ ಕೆಳಗಿನ ಮೂಲೆಯಲ್ಲಿ ತಮ್ಮ ಹೆಸರು ಹಾಕಿಕೊಳ್ಳುತ್ತಾರೆ. ಕಾಕಾ ಹಾಕುತ್ತಿರಲಿಲ್ಲ. ‘ಅದು ಅವರ ಅಂಗಡಿರಿ. ಅವರ ಹೆಸರ ಬರ್ಯಾಕ ಹೋಗಿ ನಂದೂ ಒಂದೀಟ ತುರಕಿ ಬರೂದು ಛಲೋ ಅಲ್ಲ’ ಎನ್ನುತ್ತಿದ್ದರು. ಕೇಳಿದಾಗ ದೊಡ್ಡ ಮಾತೆನಿಸಿತ್ತು. ಆ ದೊಡ್ಡ ಮಾತನ್ನು ನಾನು ಮುಂದೆ ಹೇಗೆ ಬಳಸಿಕೊಂಡೆ ಎಂಬುದನ್ನು ಹೇಳುತ್ತೇನೆ.

ಅಕ್ಷರ ಬರೆಯುವುದನ್ನು ನನಗೆ ಕಲಿಸಿದವರು ಅವರೇ. ಕಾಲೇಜಿನಲ್ಲಿ ಏನೋ ಕೆಲಸಕ್ಕೆ ಬಂದವರು ಕರಿಹಲಗೆಯ ಮೇಲಿನ ನನ್ನ ಬರಹ ನೋಡಿ, ‘ಸರ್ರ, ನಿಮ್ಮ ಕೈ ತಯಾರ ಐತಿ. ಕಣ್ಣ ತಯಾರ ಆಗಬೇಕ’ ಎಂದರು. ಮರುದಿನದಿಂದ ಪಾಠ ಶುರು. ಬಣ್ಣ ಕೊಡಲಿಲ್ಲ. ಬಿಸಿಲಲ್ಲಿ ಒಂದು ತಗಡು ಒರಗಿಸಿ, ಡಬ್ಬಿಯಲ್ಲಿ ನೀರು ಕೊಟ್ಟು, ನೀರಿನಲ್ಲಿ ಬರೆಯೆಂದರು. ಬರೆದದ್ದು ಎರಡು ನಿಮಿಷದಲ್ಲಿ ಆರಿಹೋಗುತ್ತಿತ್ತು. ಮತ್ತೆ ಬರೆಯಬೇಕು. ಎರಡು ತಿಂಗಳು ತಲೆಕಟ್ಟು ಮತ್ತು ಒತ್ತು, ಇವೆರಡನ್ನೇ ಬರೆಸಿದರು. ಬಸ್ಸಿಗೆ ಕಾಯುತ್ತಿದ್ದ ನನ್ನ ವಿದ್ಯಾರ್ಥಿಗಳು ಮೇಷ್ಟ್ರು ತಗಡಿಗೆ ನೀರು ಬಳಿಯುವುದನ್ನು ನೋಡಿ ಮುಸಿಮುಸಿ ನಗುತ್ತಿದ್ದರು. ಕಾಕಾ ಮಾತ್ರ ನನ್ನ ಹಿಂದೆ ನಿಂತು, ‘ಸರ್ರ, ಸಾವಕಾಶ’ ಎನ್ನುತ್ತಿದ್ದರು. ಕಲಿಸುವವರು ಅವರು, ಕಲಿಯುವವನು ನಾನು, ಆದರೂ ಸರ್ರ ಎಂಬ ಮರ್ಯಾದೆ ಯಾವತ್ತೂ ಬಿಡಲಿಲ್ಲ. ಇದಕ್ಕೆ ಪ್ರತಿಯಾಗಿ ನನ್ನಿಂದ ಏನನ್ನೂ ತೆಗೆದುಕೊಳ್ಳಲಿಲ್ಲ.

ಕೆಲಸ ಬಿಟ್ಟದ್ದು ನನಗೆ ಮೂವತ್ತೆಂಟಾದಾಗ. ನನ್ನ ಕೈಯಲ್ಲೇ ಕಲಿತ ಹುಡುಗನೊಬ್ಬ ಕಾಯಂ ಉಪನ್ಯಾಸಕನಾಗಿ ಅದೇ ವಿಭಾಗಕ್ಕೆ ಬಂದ. ಒಳ್ಳೆಯ ಹುಡುಗ. ಬಂದ ವಾರವೇ ಸಂಕೋಚದಿಂದ, ‘ಸರ್, ನಿಮಗ ಯಾವ ಪಿರಿಯಡ್ ಕೊಡ್ಲ್ರಿ?’ ಎಂದು ನನ್ನನ್ನು ಕೇಳಿದ. ಆ ವರ್ಷ ಅರ್ಜಿ ಹಾಕಲಿಲ್ಲ. ಅಷ್ಟರಲ್ಲಿ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕಂಪ್ಯೂಟರಿನಲ್ಲಿ ಲೋಗೋ ಮಾಡುವುದನ್ನು ಕಲಿತಿದ್ದೆ. ‘ಫ್ರೀಲಾನ್ಸ್ ಬ್ರ್ಯಾಂಡ್ ಡಿಸೈನರ್’ ಎಂದು ಕಾರ್ಡು ಹೊಡೆಸಿದೆ. ನಮ್ಮ ಮಾವನವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಅಂದ್ರ ಇನ್ನ ಮ್ಯಾಲ ಮನ್ಯಾಗ ಇರೂದನು?’ ಎಂದರು. ಕಾಕಾಗೂ ಒಂದು ಕಾರ್ಡು ಕೊಟ್ಟೆ. ಅವರು ಮೊದಲು ಅಕ್ಷರ ನೋಡಿದರು, ಆಮೇಲೆ ನನ್ನನ್ನು ನೋಡಿದರು. ‘ಛಲೋ ಆತ್ರಿ. ನಿಮ್ಮ ಗಿರಾಕಿ ಯಾರ್ರಿ?’ ಎಂದರು.

ಆ ಪ್ರಶ್ನೆಗೆ ಉತ್ತರ ಸಿಗಲು ಎಂಟು ತಿಂಗಳು ಬೇಕಾಯಿತು. ಹುಕ್ಕೇರಿ ಕಡೆಯ ಒಬ್ಬ ತರುಣ ಮಾಲಕರು ತಮ್ಮ ಕಬ್ಬಿನ ಗಾಣದಲ್ಲಿ ಔಷಧಿ ಹಾಕದ ಬೆಲ್ಲ ತೆಗೆದು ಪುಡಿ ಮಾಡಿ ಪಾಕೀಟಿನಲ್ಲಿ ಮಾರುವವರಿದ್ದರು. ಪಾಕೀಟು, ಬೋರ್ಡು, ಗಾಡಿಯ ಮೇಲಿನ ಬರಹ, ಎಲ್ಲ ನಾನೇ ಮಾಡಬೇಕು. ಹನ್ನೆರಡು ದಿನ ಕೂತು ಮೂರು ನಮೂನೆ ಮಾಡಿದೆ. ಅವರು ಮೂರನ್ನೂ ತಾಳ್ಮೆಯಿಂದ ನೋಡಿ, ‘ಸರ್, ಸಿಟ್ಟಾಗಬ್ಯಾಡ್ರಿ. ಇವು ಯಾವುದೋ ಬಿಸ್ಕೀಟ್ ಪಾಕೀಟ್ ಕಂಡಂಗ ಕಾಣ್ತಾವು. ನಮ್ಮ ಬೆಲ್ಲ ಇದರಾಗ ಎಲ್ಲೈತ್ರಿ?’ ಎಂದರು. ಘಟಪ್ರಭಾದಲ್ಲಿ ಬಸ್ಸು ಬದಲಿಸುವಾಗ ನನಗೆ ಅಳು ಬಂದಂತಾಯಿತು. ಈ ಕೆಲಸ ಕೈತಪ್ಪಿದರೆ ಜೂನ್‌ನಲ್ಲಿ ಕಾಲೇಜಿನ ಆ ಹುಡುಗನ ಮುಂದೆಯೇ ಅರ್ಜಿ ಹಿಡಿದು ನಿಲ್ಲಬೇಕು.

ಆಗ ಫೋನಿನಲ್ಲಿದ್ದ ಒಂದು ಫೋಟೋ ನೆನಪಾಯಿತು. ಮೂಡಲಗಿಯಲ್ಲಿ ಎಷ್ಟೋ ವರ್ಷದ ಹಿಂದೆ ಮುಚ್ಚಿದ ಒಂದು ಬೆಲ್ಲದ ಗೋದಾಮು ಇದೆ. ಅದರ ಗೋಡೆಯ ಮೇಲೆ ಕಾಕಾ ತಮ್ಮ ಹರೆಯದಲ್ಲಿ ‘ಬೆಲ್ಲದ ವ್ಯಾಪಾರಿಗಳು’ ಎಂದು ಬರೆದಿದ್ದರು. ಬಣ್ಣ ಮಾಸಿತ್ತು, ಅಕ್ಷರ ಮಾಸಿರಲಿಲ್ಲ. ಅದರಲ್ಲೂ ‘ಬೆಲ್ಲ’ದ ಒತ್ತಕ್ಷರ ಒಂದು ವಿಚಿತ್ರ ಬಾಗು ತೆಗೆದುಕೊಂಡು ಎಡಕ್ಕೆ ಸರಿದು, ಮತ್ತೆ ಮೇಲೆದ್ದು ಬರುತ್ತಿತ್ತು. ಅಂಥ ಒತ್ತನ್ನು ನಾನು ಬೇರೆಲ್ಲೂ ನೋಡಿರಲಿಲ್ಲ. ಫೋಟೋವನ್ನು ಕಂಪ್ಯೂಟರಿಗೆ ಹಾಕಿ, ‘ಬೆಲ್ಲ’ ಎಂಬ ಎರಡಕ್ಷರದ ಅಂಚಿಗೆ ಗೆರೆ ಎಳೆದು, ಎರಡು ತಾಸಿನಲ್ಲಿ ಮುಗಿಸಿದೆ. ಬಾಗನ್ನೂ ಹಾಗೆಯೇ ಎತ್ತಿಕೊಂಡೆ. ಮಾಲಕರು ಅದನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದರು. ‘ನಮ್ಮ ಅಜ್ಜನ ಅಂಗಡಿ ನೆನಪಾತ್ರಿ ಸರ್. ಇದನ್ನ ನೀವ ಬರದ್ರಿ?’ ಎಂದು ಕೇಳಿದರು. ನಾನು ಹೌದು ಎಂದೆ.

ಆ ರಾತ್ರಿಯಿಂದಲೇ ಸಮಜಾಯಿಷಿ ಹುಡುಕಲು ಶುರು ಮಾಡಿದೆ. ಕಾಕಾ ಅದಕ್ಕೆ ಹೆಸರು ಹಾಕಿಲ್ಲವಲ್ಲ, ಹೆಸರಿಲ್ಲದ್ದು ಎಲ್ಲರದೂ ಅಲ್ಲವೇ ಎಂದುಕೊಂಡೆ. ಅವರ ದೊಡ್ಡತನವನ್ನೇ ನನಗೆ ಕೊಟ್ಟ ಪರವಾನಗಿ ಮಾಡಿಕೊಂಡೆ. ಈಗ ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ, ಆದರೆ ಆಗ ಹಿಂಜರಿಯಲಿಲ್ಲ.

ಪಾಕೀಟಿನ ಉದ್ಘಾಟನೆ ಹುಕ್ಕೇರಿಯ ಒಂದು ಮಂಗಲ ಕಾರ್ಯಾಲಯದಲ್ಲಿ. ಇನ್ನೂರು ಜನ, ಸ್ವಾಮಿಗಳು, ಊಟ. ಮಾಲಕರು ನನ್ನನ್ನು ವೇದಿಕೆಗೆ ಕರೆದು, ಈ ಅಕ್ಷರದ ಹಿಂದಿನ ಕಥೆ ಹೇಳಿರೆಂದರು. ಬ್ರ್ಯಾಂಡಿಗೆ ಕಥೆ ಇರಬೇಕೆಂದು ನಾನೇ ಅವರಿಗೆ ಹೇಳಿಕೊಟ್ಟಿದ್ದೆ. ಹಿಂದಿನ ಪರದೆಯ ಮೇಲೆ ಆಳೆತ್ತರದ ‘ಬೆಲ್ಲ’. ನಾನು ಆ ಬಾಗಿನ ಮೇಲೆ ಕೈಯಾಡಿಸಿ, ‘ಇದು ನಮ್ಮ ಘಟಪ್ರಭೆ. ಕಬ್ಬಿಗೆ ನೀರುಣಿಸುವ ಹೊಳೆ ನಮ್ಮ ನೆಲದಲ್ಲಿ ಹೀಗೆ ಬಾಗಿ ಹರಿಯುತ್ತದೆ. ಆ ತಿರುವನ್ನು ತಿಂಗಳುಗಟ್ಟಲೆ ಧ್ಯಾನಿಸಿ ಈ ಒತ್ತಿನಲ್ಲಿ ತಂದಿದ್ದೇನೆ’ ಎಂದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ಬಂದ ಕಡೆ ನೋಡಿದರೆ, ನಾಲ್ಕನೆಯ ಸಾಲಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕಾಕಾ ಕೂತಿದ್ದರು. ಅವರೂ ಚಪ್ಪಾಳೆ ತಟ್ಟುತ್ತಿದ್ದರು.

ನಾನು ಅವರನ್ನು ಕರೆದಿರಲಿಲ್ಲ. ಆಮಂತ್ರಣವನ್ನು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕಿದ್ದೆ, ಅದನ್ನು ನೋಡಿ ಎರಡು ಬಸ್ಸು ಬದಲಿಸಿ ಬಂದಿದ್ದರು. ಮಾತು ಮುಂದುವರಿಸಿದೆ, ಏನು ಹೇಳಿದೆನೋ ನೆನಪಿಲ್ಲ. ಊಟವಾದ ಮೇಲೆ ಅವರೇ ನನ್ನ ಹತ್ತಿರ ಬಂದರು. ಕೈ ಹಿಡಿದು, ‘ಛಲೋ ಮಾತಾಡಿದ್ರಿ ಸರ್ರ’ ಎಂದರು. ಆಮೇಲೆ ನನ್ನನ್ನು ಗೋಡೆಯ ಕಡೆ ಸ್ವಲ್ಪ ಸರಿಸಿ, ದನಿ ತಗ್ಗಿಸಿದರು.

‘ಸರ್ರ, ಮುಂದಿನ ಸಲ ಛಾಪಸೂವಾಗ ಆ ಬಾಗ ತಗದ ಬಿಡ್ರಿ.’

‘ಯಾಕ್ರಿ ಕಾಕಾ?’

‘ಆ ಗ್ವಾಡ್ಯಾಗ ಮಾಳಿಗಿ ನೀರಿನ ಪೈಪ್ ಇತ್ರಿ ಆವಾಗ. ಅದು ಅಡ್ಡ ಬಂತಂತ ಒತ್ತ ಹಂಗ ತಿರುವಿದ್ನಿ. ಮುಂದ ಪೈಪ್ ಬಿದ್ದ ಹೋತು. ನಿಮ್ಮ ಪಾಕೀಟಿನ ಮ್ಯಾಲ ಪೈಪ್ ಇಲ್ಲಲ್ರಿ. ಸೀದಾ ಬಂದ್ರ ಇನ್ನೂ ಚಂದ ಕಾಣತೈತಿ.’

ಅಷ್ಟೇ. ಕದ್ದೆ ಎನ್ನಲಿಲ್ಲ, ನನ್ನದು ಎನ್ನಲಿಲ್ಲ. ನನ್ನ ಅಕ್ಷರದಲ್ಲಿ ಒಂದು ಕುಂದು ಉಳಿಯಬಾರದು ಎಂಬ ಕಾಳಜಿಯಿಂದ ಹೇಳಿದರು, ತಗಡಿನ ಮುಂದೆ ನಿಂತು ಹೇಳುತ್ತಿದ್ದ ಅದೇ ದನಿಯಲ್ಲಿ. ಎರಡು ಮಾತು ಆಡಿದ್ದರೆ ಸಾಕಿತ್ತು, ಕಾಲು ಹಿಡಿದಿದ್ದರೂ ಆಗುತ್ತಿತ್ತು. ಅಷ್ಟರಲ್ಲಿ ಮಾಲಕರು ನಗುತ್ತ ಬಂದರು.

‘ಯಾರ್ರಿ ಸರ್ ಇವರು?’

‘ಪರಿಚಯದವರು. ಮೂಡಲಗಿಯವರು’ ಎಂದೆ.

ಕಾಕಾ ನನ್ನ ಮುಖ ನೋಡಿದರು. ಆಮೇಲೆ ಮಾಲಕರಿಗೆ ನಮಸ್ಕಾರ ಮಾಡಿ, ‘ಹೂನ್ರಿ, ನಾವು ಸರ್ ಅವರ ಪರಿಚಯದವರು’ ಎಂದರು.

‘ಮೂಡಲಗಿಯವರ? ಛಲೋ ಆತು ನೋಡ್ರಿ,’ ಎಂದು ಮಾಲಕರು ನನ್ನ ಕಡೆ ತಿರುಗಿದರು. ‘ಸರ್, ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ತಾಲೂಕಿನಾಗ ಹಳ್ಳಿ ಹಳ್ಳಿ ಗ್ವಾಡಿ ಮ್ಯಾಲ ಇದನ್ನ ಕೈಲೆ ಬರಸೋಣಂತ ನನ್ನ ಮನಸಿನಾಗ ಐತಿ. ವರ್ಷ ಎರಡ ವರ್ಷದ ಕೆಲಸ. ಆ ಕಡೆ ಯಾರರ ಪೇಂಟರ್ ಇದ್ರ ಹೇಳ್ರಲ್ಲ.’

ಪೇಂಟರು ನನ್ನ ಮೊಣಕೈಗೆ ತಾಗಿ ನಿಂತಿದ್ದರು. ಫ್ಲೆಕ್ಸ್ ಬಂದ ಮೇಲೆ ಅವರಿಗೆ ಬೋರ್ಡಿನ ಕೆಲಸ ಹೋಗಿತ್ತು, ಟ್ರೇಲರಿಗೂ ಈಗ ರೈತರು ಸ್ಟಿಕ್ಕರ್ ಅಂಟಿಸುತ್ತಿದ್ದರು. ಅದು ನನಗೆ ಗೊತ್ತಿತ್ತು. ಅವರು ಗೋಡೆಯ ಮೇಲೆ ಒಂದು ಬೆಲ್ಲ ಬರೆದರೆ ಸಾಕು, ಅದು ಯಾರ ಕೈ ಎಂದು ಮಾಲಕರಿಗೆ ತಿಳಿದುಹೋಗುತ್ತದೆ ಎಂಬುದೂ ಗೊತ್ತಿತ್ತು.

‘ಈಗ ಯಾರೂ ಉಳದಿಲ್ರಿ,’ ಎಂದೆ. ‘ಕೈಲೆ ಬರ್ಯಾವ್ರ ಇಲ್ಲ. ಎಲ್ಲಾ ಫ್ಲೆಕ್ಸ್ ಆಗೇತಿ. ನಾವೂ ಪ್ರಿಂಟನ್ನ ಮಾಡಸೋಣ, ಎಲ್ಲಾ ಕಡೆ ಒಂದ ನಮೂನಿ ಬರತೈತಿ.’

‘ಹೌದನ್ರಿ ಅಜ್ಜಾರ?’ ಎಂದು ಮಾಲಕರು ಕಾಕಾನನ್ನೇ ಕೇಳಿದರು.

ಕಾಕಾ ಉಗುರಂಚಿನಲ್ಲಿ ಕೆಂಪು ಉಳಿದಿದ್ದ ತಮ್ಮ ಬಲಗೈಯನ್ನು ಅಂಗಿಯ ಕಿಸೆಗೆ ಹಾಕಿಕೊಂಡರು. ‘ಸರ್ ಅವರಿಗಿ ನಮಗಿಂತ ಹೆಚ್ಚ ಗೊತ್ತಿರತೈತ್ರಿ’ ಎಂದರು. ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಹೊರಟರು. ನಿಲ್ದಾಣದವರೆಗೆ ಬಿಟ್ಟು ಬರಬಹುದಿತ್ತು, ನನ್ನ ಹತ್ತಿರ ಗಾಡಿ ಇತ್ತು. ಯಾರೋ ಫೋಟೋಗೆ ಕರೆದರೆಂದು ಹೋಗಿ ನಿಂತೆ.

ಮುಂದಿನ ಸಲ ಪಾಕೀಟು ಅಚ್ಚು ಮಾಡಿಸುವಾಗ ಬಾಗನ್ನು ತೆಗೆದೆ. ಅವರು ಹೇಳಿದ್ದು ನಿಜ, ಸೀದಾ ಬಂದದ್ದೇ ಚಂದವಾಗಿತ್ತು. ಹೊಳೆ ಎಲ್ಲಿ ಹೋಯಿತು ಎಂದು ಮಾಲಕರು ಕೇಳಿದಾಗ, ಬ್ರ್ಯಾಂಡು ಬೆಳೆದಂತೆ ರೇಖೆ ಸರಳವಾಗಬೇಕು ಎಂದೆ. ಅದನ್ನೂ ಅವರು ಮೆಚ್ಚಿದರು. ಆ ಪಾಕೀಟಿನಿಂದ ನನಗೆ ಇನ್ನಷ್ಟು ಗಿರಾಕಿಗಳು ಬಂದರು, ಕರದಂಟಿನವರು, ಅರಿಷಿಣದವರು. ಎಲ್ಲರಿಗೂ ಅದೇ ಬೆಲ್ಲದಂಥ ಅಕ್ಷರ ಬೇಕು. ಮೂಡಲಗಿಯ ಕೆಲಸಗಳನ್ನು ನಾನು ಫೋನಿನಲ್ಲೇ ಮುಗಿಸತೊಡಗಿದೆ. ದಸರೆಯ ಹೊತ್ತಿಗೆ ಕಾಕಾ ಎರಡು ಸಲ ಫೋನ್ ಮಾಡಿದ್ದರು. ಎರಡು ಸಲವೂ ಫೋನು ನನ್ನ ಕೈಯಲ್ಲೇ ಇತ್ತು. ರಿಂಗಾಗಿ ನಿಲ್ಲುವವರೆಗೆ ನೋಡಿದೆ.

ಅವರ ಮನೆಗೆ ಹೋಗಲು, ಸುದ್ದಿ ತಿಳಿದ ಮೇಲೂ ಮತ್ತೆ ಒಂದು ವಾರ ತೆಗೆದುಕೊಂಡೆ. ಈ ಸಲ ಎಲ್ಲವನ್ನೂ ಹೇಳಿಬಿಡುತ್ತೇನೆ, ಅವರಿಗೆ ಹೇಳಲಾಗದ್ದನ್ನು ಅವರ ಮನೆಯವರಿಗಾದರೂ ಹೇಳುತ್ತೇನೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಹುಕ್ಕೇರಿಗೆ ಕೊಟ್ಟ ಮಗಳು ಬಂದಿದ್ದಳು. ಅವಳೇ ಚಹಾ ತಂದುಕೊಟ್ಟು ಒಳಗೆ ಹೋದಳು. ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಪರಗಂಡಸರ ಎದುರಿಗೆ ಬರಬಾರದೆಂಬ ನಿಯಮ ಮುಸಲ್ಮಾನರಾದ ಅವರಲ್ಲಿ. ಹಾಗಾಗಿ ಕಾಕಾನ ಹೆಂಡತಿ, ಕಾಕು, ಒಳಕೋಣೆಯ ಪರದೆಯ ಹಿಂದೆ ಕೂತೇ ಮಾತಾಡಿದರು.

‘ಸರ್ರ, ಭಾಳ ನೆನಸತಿದ್ರು ನಿಮ್ಮನ್ನ. ನಮ್ಮ ಸರ್ ಬರದಾರು ನೋಡಂತ ಅಂಗಡ್ಯಾಗಿಂದ ಆ ಬೆಲ್ಲದ ಪಾಕೀಟ ತಂದ ತೋರಸತಿದ್ರು.’

ನಾನು ಚಹಾದ ಕಪ್ಪನ್ನು ಕೆಳಗಿಟ್ಟೆ.

‘ಹುಕ್ಕೇರಿ ಕಾರ್ಯಕ್ರಮಕ್ಕ ನಾನ ಅವರನ್ನ ದಬ್ಬಿ ಕಳಿಸಿದ್ನಿರಿ. ಹೋಗ್ರಿ, ಏನರ ಕೆಲಸ ಇದ್ರ ಸರ್ ಕಡೆ ಕೇಳ್ರಿ, ನೀವ ಕಲಿಸಿದವರು, ಇಲ್ಲ ಅನ್ನಂಗಿಲ್ಲ ಅಂದ್ನಿ. ಹೋಗಿ ಬಂದ್ರು. ಕೇಳಿದ್ರೇನು ಅಂದ್ರ, ಮಂದಿ ಭಾಳ ಇದ್ರು, ಗದ್ದಲದಾಗ ಸರ್ ಭೆಟ್ಟಿನ ಆಗಲಿಲ್ಲ ಅಂದ್ರು.’

ಪರದೆ ಅಲುಗಾಡಲಿಲ್ಲ. ಅವರ ಮುಖ ನನಗೆ ಕಾಣುತ್ತಿರಲಿಲ್ಲ, ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ. ಹೇಳುವುದಿದ್ದರೆ ಇದಕ್ಕಿಂತ ಸುಲಭದ ಗಳಿಗೆ ಇನ್ನೊಂದಿರಲಿಲ್ಲ.

‘ಹೌದ್ರಿ ಕಾಕು,’ ಎಂದೆ. ‘ಅವತ್ತ ಭಾಳ ಗದ್ದಲ ಇತ್ತು.’

‘ಅವರ ಮಾರಿ ನೋಡಿ ನನಗ ಸಂಶೆ ಇತ್ತರಿ. ಕೇಳಿ, ಇಲ್ಲ ಅನಿಸ್ಕೊಂಡ ಬಂದಾರೇನೋ ಅಂತ.’ ಅವರು ಒಂದು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ‘ಭೆಟ್ಟಿ ಆಗಿದ್ರ ಕೊಡತಿದ್ರಿ ಅಲ್ರಿ, ಸರ್ರ?’

‘ಹೂನ್ರಿ ಕಾಕು,’ ಎಂದೆ. ‘ಕೊಡತಿದ್ನಿ.’